ಕೂಸಿನ ಹಿಟ್ಟಿನ ಪಾಯಸ

ಕೆಂಗಲ್ಲು ಕೇರಿ,
ಫೆಬ್ರುವರಿ ಮೂವತ್ತು, ಇಸವಿ ಎರಡು ಸಾವಿರದ ನೂರ ತೊಂಬತ್ತೆರಡು

ನಮಗಿಂತ ಬಹಳ ಮುಂಚೆ ಬಾಳಿದ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಹಂಚಿದ್ದೇವೆ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ನೆಂಟರ ಪಾಲಿಗೆ ಬಿಟ್ಟಿದ್ದೇವೆ. ಆಗ ಯಾರು ಯಾರ ಮನೆಗಾದರೂ ಹೋಗಿ ಉಣ್ಣಬಹುದು. ನಮ್ಮ ಜನರ ಹುಚ್ಚು ಎಂಥದೆಂದು ಇಷ್ಟರಿಂದಲೇ ನಿಮಗೆ ತಿಳಿದೀತು. ನಿಮಗೆ ಗುರುತಿಲ್ಲದ ಪದಗಳು ನಡುವೆ ಬಂದರೆ ಕ್ಷಮಿಸಿ. ನೀರು ಹಿಂದಕ್ಕೆ ಹರಿಯದು, ಕತೆ ಹರಿಯುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾನು ಮೈಲಾರಪ್ಪ, ಈ ಕೇರಿಯಲ್ಲಿ ಕತೆ ಹೇಳುವವನು. ಆದರೆ ಇದು ಕತೆಯಲ್ಲ, ಹಣೆ ಚಚ್ಚಿಕೊಳ್ಳುವ ಸಂಗತಿ.

ಬಿಸಿಲಿಗೆ ಹೆದರಿ ನಾವು ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟಿಕೊಂಡಿದ್ದೇವೆ. ಜೋಳವನ್ನು ನೆಲದೊಳಗೆ ಬೆಳೆಯಲು ಬರುವುದಿಲ್ಲವಲ್ಲ! ಈಚೆಗೆ ಕಾವಿಗೆ ತೆನೆಗಳು ಕಾಳನ್ನೇ ಕಟ್ಟುತ್ತಿಲ್ಲ. ಅದನ್ನು ಕೇಳಿ ಉತ್ತರದ ಹಿಮಬಿಟ್ಟ ನಾಡಿನವರು ಗಾಳಿಹಡಗಿನಲ್ಲಿ ಹಿಟ್ಟು ಕಳಿಸಿದರು. ನಿಮ್ಮ ಕಾಲದಲ್ಲಿ ಅಲ್ಲಿ ಬರೀ ಮಂಜುಗಡ್ಡೆಯಂತೆ, ಈಗ ಕಣ್ಣು ಹಾಯುವವರೆಗೂ ಗೋಧಿ. ಹಾಲಿನ ಪುಡಿ, ಕಡಲೆ, ಎಣ್ಣೆ, ಸಕ್ಕರೆ ಬೆರೆಸಿದ ಈ ಹಿಟ್ಟಿಗೆ ನಾವು ಹಡಗುಹಿಟ್ಟು ಎನ್ನುತ್ತೇವೆ. ಅದು ಸಣ್ಣ ಮಕ್ಕಳಿಗೆ ಮಾತ್ರ. ಹಿಟ್ಟಿನ ಹಿಂದೆಯೇ ತೂಕದವರು ಬರುತ್ತಾರೆ. ಮಕ್ಕಳನ್ನು ಜೋಳಿಗೆಯಲ್ಲಿ ಕೂರಿಸಿ ತೂಗಿ, ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡುವವರು. ಹಸಿರು ಬಂದರೆ ಮಗು ಕ್ಷೇಮ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಮಗು ಕೈತಪ್ಪುತ್ತಿದೆ ಎಂದರ್ಥ. ನನ್ನ ಮೊಮ್ಮಗಳು ತುಂಗಿಗೆ ಎರಡು ತುಂಬಿದರೂ ನಡಿಗೆ ಬಂದಿರಲಿಲ್ಲ. ಅವಳ ಪಟ್ಟಿ ಹಳದಿ.

ಮೊದಲ ಸಲ ತೂಕದವರು ಬಂದಾಗ ಮನೆಯಲ್ಲಿ ಇದ್ದದ್ದು ನಮಗೆ ಒಂದೊಂದು ರೊಟ್ಟಿಗಾಗುವಷ್ಟು ಜೋಳ, ಒಂದಿಷ್ಟು ಬೆಲ್ಲ, ಮತ್ತೆ ತುಂಗಿಯ ಹಿಟ್ಟು. ನಮ್ಮಕ್ಕ ಅಂಬವ್ವ ಹಿಂದೆಮುಂದೆ ನೋಡದೆ ಆ ಹಿಟ್ಟಿಗೇ ಬೆಲ್ಲ ಸುರಿದು ಪಾಯಸ ಕಾಸಿದಳು. ನಾನು ತಡೆಯಲು ಹೋದೆ.

"ಅಕ್ಕಾ, ಅದು ಕೂಸಿಂದು."

"ಮನಿಗೆ ಬಂದವ್ರನ್ನ ಬರೇ ಬಾಯಾಗ ಕಳಸಾಕ ನಾವೇನ್ ದೆವ್ವಗಳೇನೋ? ಕೂಸಿಗೆ ನಾಳೆ ಕೊಟ್ರಾತು. ಅದೇನ್ ಊರಾಗ ಹೇಳ್ಕೊಂತ ತಿರಗತೈತೇನು?"

ಹಸಿದ ಮಗುವಿನ ಯೋಗಕ್ಷೇಮ ನೋಡಲು ಬಂದವರು ಆ ಮಗುವಿನ ಊಟವನ್ನೇ ಉಂಡು, "ಬಹಳ ರುಚಿ" ಎಂದು ಕೈಮುಗಿದು ಹೋದರು. ಪಾಪ, ಅವರಿಗೆ ಅದು ತಾವೇ ಕಳಿಸಿದ ಹಿಟ್ಟೆಂದು ಗುರುತು ಸಿಗಲಿಲ್ಲ. ಬೆಲ್ಲ ಹಾಗೆ ಮುಚ್ಚಿತ್ತು. ನಮ್ಮಲ್ಲಷ್ಟೇ ಅಲ್ಲ, ಕೇರಿಯ ಮನೆಮನೆಯಲ್ಲೂ ಇದೇ ಪಾಯಸ. ಕೊನೆಗೆ ಯಾರೋ ಹೆಮ್ಮೆಯಿಂದ, ಇದು ನಿಮ್ಮದೇ ಹಿಟ್ಟು ಎಂದರಂತೆ. ಉತ್ತರದವರು ತಲೆಯ ಮೇಲೆ ಕೈಹೊತ್ತು ಕೂತರು ಎಂದುಕೊಂಡಿರಾ? ಜನ ಹಿಟ್ಟನ್ನು ಮೆಚ್ಚಿದ್ದಾರೆ ಎಂದು ಹಿಗ್ಗಿ, ಮುಂದಿನ ಹಡಗಿನಲ್ಲಿ ಅದಕ್ಕೆ ಏಲಕ್ಕಿ ಸೇರಿಸಿ ಕಳಿಸಿದರು! ಏಲಕ್ಕಿ ಕಂಪು ಗುಡ್ಡ ದಾಟಿತು. ಎಂದೂ ಈ ಕಡೆ ತಲೆಹಾಕದ ಬೀಗರು "ತುಂಗಿ ಹ್ಯಾಂಗದಾಳ" ಎಂದು ವಿಚಾರಿಸಲು ಬಂದು, ಬಟ್ಟಲು ನೆಕ್ಕಿ ಹೋದರು. ತುಂಗಿಗೆ ಸಿಕ್ಕಿದ್ದು ಸೌಟಿಗೆ ಅಂಟಿದ್ದು. ಮುಂದಿನ ತೂಕದ ದಿನ ಪಟ್ಟಿ ಕೆಂಪಾಯಿತು.

ತೂಕದವರ ಪೈಕಿ ಸೋಲ್ವಿ ಎಂಬ ಹುಡುಗಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. "ಹಿಟ್ಟು ಕೊಡುತ್ತಿಲ್ಲವೆ?" ಎಂದು ಅವಳು ಕಣ್ಣು ತುಂಬಿಕೊಂಡು ಕೇಳುವ ಹೊತ್ತಿಗೆ, ಅಕ್ಕ ಅವಳ ಮುಂದೆ ಪಾಯಸದ ಬಟ್ಟಲು ಇಟ್ಟಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನ ಮಗಳು, ತುಂಗಿಯ ತಾಯಿ ಹುಲಿಗೆವ್ವ ಅದುವರೆಗೆ ಸೋದರತ್ತೆಗೆ ಎದುರಾಡಿದವಳಲ್ಲ. ಅವಳು ತುಂಗಿಯನ್ನು ಎತ್ತಿ ಸೋಲ್ವಿಯ ತೊಡೆಯ ಮೇಲೆ ಕೂರಿಸಿದಳು.

"ಉಣಸವ್ವ. ಇದು ಆಕಿ ಪಾಲು. ನಮ್ಮತ್ತಿ ನಿಂಗ ಬಡಸ್ಯಾಳ. ಕೂಸು ಉಂಡು ಉಳದ್ರ ನೀ ಉಣ್ಣು."

ಸೋಲ್ವಿಯ ಮುಖ ಸುಣ್ಣವಾಯಿತು. ಬಟ್ಟಲು ಎತ್ತಿ ಕೂಸಿಗೆ ಉಣಿಸಿದಳು. ತುಂಗಿ ಬಟ್ಟಲನ್ನು ಹಿಡಿದೆಳೆದು ಉಂಡಳು. ಏನೂ ಉಳಿಯಲಿಲ್ಲ. ಅಂಬವ್ವ ಬರಿದಾದ ಬಟ್ಟಲನ್ನು ಎತ್ತಿಕೊಂಡು, ಮೂಗು ಎಳೆದು ಹೇಳಿದಳು: "ಬಂದಾಕಿ ಕೈಲೆ ಕೂಸು ಉಂಡ್ರ, ಬಂದಾಕಿನೇ ಉಂಡಂಗ. ಮರ್ಯಾದಿ ಏನ್ ಹೋಗ್ಲಿಲ್ಲ ತಗೋ."

ಸೋತ ಮುದುಕಿಯ ಈ ಮಾತೇ ಈಗ ಕೇರಿಯ ಕಟ್ಟಳೆ. ಯಾರೇ ಬರಲಿ, ಮೊದಲು ಮನೆಯ ಕೂಸಿಗೆ ಉಣಿಸಬೇಕು. ಬೀಗರ ಕಾಟವೂ ಕಡಿಮೆಯಾಗಿದೆ. ತುಂಗಿಯ ಪಟ್ಟಿ ಮತ್ತೆ ಹಳದಿಗೆ ಬಂದಿದೆ, ಗೋಡೆ ಹಿಡಿದು ನಿಲ್ಲುತ್ತಾಳೆ. ಆದರೆ ನನ್ನ ಸಿಟ್ಟು ಇಳಿದಿಲ್ಲ. "ಮನಿಗೆ ಜ್ವಾಳ ಇದ್ರ ಕೂಸಿನ ಹಿಟ್ಟಿಗೆ ಯಾಕ ಕೈ ಹಾಕತೀವಿ? ಅದನ್ನೂ ಕಳಸ್ರಿ" ಎಂದು ಹುಲಿಗೆವ್ವ ಸೋಲ್ವಿಯ ಮೂಲಕ ಉತ್ತರದವರಿಗೆ ಹೇಳಿ ಕಳಿಸಿದ್ದಳು. ನಮ್ಮ ಯೋಜನೆ ಮಕ್ಕಳಿಗೆ ಮಾತ್ರ ಎಂದು ಉತ್ತರ ಬಂತು. ಹಸಿದ ಮನೆಯ ನಡುವೆ ಒಂದೇ ಒಂದು ಬಾಯಿಗೆ ಗುರಿಯಿಟ್ಟು ತುತ್ತು ಎಸೆದರೆ, ಅದು ನೆಟ್ಟಗೆ ಹೋಗಿ ಅಲ್ಲೇ ಬೀಳುತ್ತದೆಯೇ?

ನಿಮ್ಮ ಕಾಲದಲ್ಲೂ ಹೀಗೆ ದೂರದೇಶದ ಹಿಟ್ಟು ಬರುತ್ತಿತ್ತಂತೆ, ಹೋಗುತ್ತಿತ್ತಂತೆ. ಕಳಿಸುವವರಿದ್ದರೆ ಕೇಳಿ: ಮಗುವಿಗೆ ಕಳಿಸುವಾಗ ಮನೆಗೂ ಒಂದು ಚೀಲ ಕಳಿಸಿ. ನೋಡಲು ಬರುವವರಿದ್ದರೆ ನಿಮ್ಮ ಬುತ್ತಿ ನೀವೇ ಕಟ್ಟಿಕೊಂಡು ಬನ್ನಿ. ನಮ್ಮಕ್ಕ ಕೈಹಿಡಿದು ಕೂರಿಸಿ, ಆಣೆ ಹಾಕಿ ಬಡಿಸುತ್ತಾಳೆ. ಬಟ್ಟಲು ಬಾಯಿಗೆ ಎತ್ತುವ ಮುಂಚೆ ದಯವಿಟ್ಟು ಸುತ್ತ ಒಮ್ಮೆ ನೋಡಿ. ಗೋಡೆ ಹಿಡಿದು ಒಂದು ಕೂಸು ನಿಂತಿರುತ್ತದೆ.