ಭಾವ ಕೊಟ್ಟ ಬಾಟಲಿ

ಮುದ್ದಿನ ಅಕ್ಕ,

ನಾವು ಸುಖವಾಗಿದ್ದೇವೆ, ಸಿಕ್ಕಾಪಟ್ಟೆ ಸುಖವಾಗಿದ್ದೇವೆ! ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆ ತೆರೆಯಿರೆಂದು ಮದುವೆಯಲ್ಲಿ ಭಾವ ಕೊಟ್ಟ ವೈನನ್ನು ಪ್ರವಾಸಕ್ಕೂ ಹೊತ್ತು ತಂದು, ಇಲ್ಲಿನ ದ್ರಾಕ್ಷಿತೋಟದ ನೆಲಮಾಳಿಗೆಯಲ್ಲಿ ವೈನ್ ಕಾಯುವ ಅಜ್ಜನಿಗೆ ತೋರಿಸಿದೆ. ಅವರು ಹಣೆ ಚಚ್ಚಿಕೊಂಡರು.

"ಇಟ್ಟಷ್ಟೂ ಬೆಲೆ ಏರೋಕೆ ಇದೇನು ಚಿನ್ನಾನಾ, ತಾಯಿ? ಈ ಬಿಳಿ ದ್ರಾಕ್ಷಿದು ಎರಡೇ ವರ್ಷ ಬಾಳೋದು. ಎಲ್ಲಿಟ್ಟಿದ್ರಿ?"

"ಫ್ರಿಜ್ ತಲೆ ಮೇಲೆ," ಎಂದರು ನಮ್ಮವರು. "ದಿನಾ ಒರೆಸಿ ಮುದ್ದು ಮಾಡ್ತಿದ್ಲು!"

"ಆ ಶಾಖದಲ್ಲಾ? ಇವತ್ತೇ ಮುಗಿಸಿ."

ಭಾವನಿಗೆ ಮಾತು ಕೊಟ್ಟಿದ್ದೆನಲ್ಲ! ಆದರೂ ಮೂವರೂ ಅಲ್ಲೇ ಕುಡಿದೆವು. ಅಕ್ಕಾ, ಎಂಥ ರುಚಿ! ಲೋಟಕ್ಕೆ ನೂರಿಪ್ಪತ್ತು ಕ್ಯಾಲೊರಿಯಂತೆ. ನೆಲಮಾಳಿಗೆಯಿಂದ ಎಂಬತ್ತು ಮೆಟ್ಟಿಲು ಹತ್ತುವಾಗ ಕರಗಿತೆಂದುಕೊಂಡಿದ್ದೇನೆ. ದಾರಿಯಲ್ಲಿ ಹಿಡಿದಿದ್ದ ನೆಗಡಿಯೂ ಇಳಿದಿದೆ.

ಭಾವ ಬೈಯುವ ಮೊದಲೇ ಹೇಳಿಬಿಡು: ಇಪ್ಪತ್ತೈದು ವರ್ಷ ಬಾಳಬೇಕಾದದ್ದು ನಾವು, ಬಾಟಲಿಯಲ್ಲ!

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನ ತಂಗಿ