ಬಿಡುವಿಲ್ಲದ ನಮಾಜು

ರೀ, ನಾನು ಶಾಲೆಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಚಹಾ ಬಿಸಿ ಮಾಡಿಕೊಳ್ಳಿ.

ಕಪಾಟಿನಲ್ಲಿರುವ ನನ್ನ ಮೂಗಿನ ಔಷಧ ನೆಗಡಿಯದೆಂದು ನಿಮ್ಮ ಅಮ್ಮನಿಗೆ ಸುಳ್ಳು ಹೇಳಿದವರು ನೀವು. ನಿಜ ಹೇಳಬೇಕಾದವರೂ ನೀವೇ.

ಅದು ಮುಟ್ಟನ್ನು ನಿಲ್ಲಿಸಿದೆ. ಆ ದಿನಗಳಲ್ಲಿ ಬಿಡುತ್ತಿದ್ದ ನಮಾಜನ್ನು ನಾನೀಗ ಬಿಡುತ್ತಲೇ ಇಲ್ಲ. ಅಮ್ಮ ಅದನ್ನು ಗಮನಿಸಿದ್ದಾರೆ. ನಿನ್ನೆ ನನ್ನ ಗಲ್ಲ ಹಿಡಿದು, "ನಾ ಕೇಳಂಗಿಲ್ಲವ್ವಾ, ನೀನ ಹೇಳು. ಕೂಸು ಬಂದಮ್ಯಾಲ ಅದರ ತಲಿಗಿ ಕುಂಚಗಿ ಹೊಲಿಯಾಕ ಕೂಡ್ಲೇನು?" ಅಂದರು. ಆ ಮುಖ ನೋಡಲಾಗದೆ ನಾನು ಅಡುಗೆಮನೆಗೆ ಎದ್ದು ಹೋದೆ.

ಮಧ್ಯಾಹ್ನ ಮನಗೂಳಿಗೆ, ತಮ್ಮ ತಂಗಿಯ ಮನೆಗೆ ಹೋಗುತ್ತಾರಂತೆ. ಅಲ್ಲಿ ಬಾಯಿ ಬಿಟ್ಟರೆ ಊರಿಗೆಲ್ಲ ಡಂಗುರ. ಅದಕ್ಕೂ ಮೊದಲೇ ಹೇಳಿ: ಕೂಸು ಇನ್ನೂ ಇಲ್ಲ. ಮುಟ್ಟಿನ ನೋವಿಗೆ ಕಾರಣವಾದ ಒಳಗಿನ ಗಾಯ ಆರಲೆಂದು ಡಾಕ್ಟರು ಆ ಮೂಗಿನ ಔಷಧ ಕೊಟ್ಟು ಒಡಲನ್ನು ಕೆಲವು ತಿಂಗಳು ಸುಮ್ಮನಿರಿಸಿದ್ದಾರೆ. ಕೂಸಿನ ಚಿಕಿತ್ಸೆ ಆಮೇಲೆ.

ಈ ಔಷಧ ಶುರುವಾದಾಗಿನಿಂದ ಮೈ ಕಾಯುತ್ತದೆ, ವಿಚಿತ್ರ ಕನಸು ಬೀಳುತ್ತವೆ. ಇವತ್ತು ಬೆಳಗಿನ ಜಾವ ಜೋಳದ ಹೊಲದ ನಡುವೆ ಪುಟ್ಟ ಕೆಂಪು ಕುಂಚಿಗೆಯೊಂದು ತಾನಾಗಿಯೇ ನಡೆದು ಹೋಗುತ್ತಿತ್ತು. ಅದರ ಹಿಂದೆ ಅಮ್ಮ, ಕೂಗಿ ಕರೆಯದೆ, ಸೂಜಿ ಹಿಡಿದುಕೊಂಡು.

ಎಲ್ಲ ಹೇಳಿದ ಮೇಲೆ ಇದನ್ನೂ ಹೇಳಿ: ಕುಂಚಿಗೆ ಹೊಲಿಯುವುದನ್ನು ಮಾತ್ರ ಬಿಡುವುದು ಬೇಡ.

ಜಾಸ್ಮಿನ