ತೆಗೆ ಎಂಬ ಧಾತು

ನುಡಿದದ್ದಕ್ಕೂ ನುಡಿಯದೆ ಉಳಿದದ್ದಕ್ಕೂ ಏಕಮಾತ್ರ ಸಾಕ್ಷಿಯಾದ ಪರಮಾತ್ಮನಿಗೆ ತಲೆಬಾಗಿ,

ಮನೆ, ಮಹಡಿಯ ಓದುಕೋಣೆ
ಶುಕ್ಲಪಕ್ಷದ ದಶಮಿ, ಗುರುವಾರ
ನಿನ್ನ ತಾಯಿ ದಿವಂಗತಳಾಗಿ ಮೂರು ವರ್ಷ ತುಂಬಿದ ದಿನ

ಚಿರಂಜೀವಿ ಮಗಳಿಗೆ ನಿನ್ನ ತಂದೆಯ ಅನೇಕ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯದ ವಿಚಾರ. ನಕ್ಷೆಗಳ ಕಚೇರಿಯಲ್ಲಿ ದಿನವಿಡೀ ಕೂದಲೆಳೆಯಂಥ ಗೆರೆಗಳನ್ನು ನೋಡಿ ನೋಡಿ ನಿನ್ನ ಕಣ್ಣು ಉರಿಯುವುದೆಂದು ನಿನ್ನ ತಾಯಿ ಹೇಳುತ್ತಿದ್ದಳು. ಆ ಉರಿ ಈಗ ಹೇಗಿದೆ? ಚಳಿಯಲ್ಲಿ ಬರುವ ಕೆಮ್ಮು ನಿನ್ನನ್ನು ಬಿಟ್ಟಿತೇ? ನನ್ನ ಕ್ಷೇಮವನ್ನು ನೀನು ಕೇಳಿಲ್ಲ. ಆದರೂ ಪತ್ರಧರ್ಮವನ್ನು ಮೀರಬಾರದೆಂದು ತಿಳಿಸುತ್ತೇನೆ. ಎಂಬತ್ತೊಂದು ತುಂಬಿತು. ಎಡ ಮೊಣಕಾಲು ಮೆಟ್ಟಿಲು ಕಂಡೊಡನೆ ಮುಷ್ಕರ ಹೂಡುತ್ತದೆ. ಪ್ರಾತಃಕಾಲದ ಪ್ರಾರ್ಥನೆ ಒಂದು ದಿನವೂ ತಪ್ಪಿಲ್ಲ. ಮೂರು ವರ್ಷಗಳ ಮೌನದ ಬಳಿಕ ಬಂದ ನಿನ್ನ ಕಾರ್ಡನ್ನು ಮೇಜಿನ ಗಾಜಿನಡಿಯಲ್ಲಿ ಇರಿಸಿದ್ದೇನೆ. ಅದರಲ್ಲಿ ನಾಲ್ಕೇ ವಾಕ್ಯ. ‘ಕಂಪ್ಯೂಟರ್ ಕೆಟ್ಟರೂ ಎಸೆಯಬೇಡಿ. ಅಮ್ಮ ನನಗಾಗಿ ಮಾತಾಡಿ ಇಟ್ಟದ್ದು ಅದರಲ್ಲಿದೆ. ನಕಲು ಮಾಡಿಸಿ ಕಳಿಸಿ. ಬೇರೇನೂ ಬೇಡ.’ ಸಂಬೋಧನೆ ಇಲ್ಲ, ಸಹಿ ಇಲ್ಲ, ವ್ಯಾಕರಣದೋಷವೂ ಇಲ್ಲ. ನಾನು ಕಲಿಸಿದ್ದು ವ್ಯರ್ಥವಾಗಿಲ್ಲವೆಂದು ಅಷ್ಟರಮಟ್ಟಿಗೆ ಸಂತೋಷಪಟ್ಟೆ.

ನೀನು ಈ ಮನೆಯ ಹೊಸ್ತಿಲು ದಾಟಿ ಹೋದ ದಿನವನ್ನು ನಾನು ಮರೆತಿಲ್ಲ. ಪತ್ರಿಕೆಗೆ ಕೊಡಬೇಕಾದ ನಿಧನವಾರ್ತೆಯನ್ನು ನೀನು ಬರೆದೆ, ವಾಡಿಕೆಯಂತೆ ನಾನು ತಿದ್ದಿದೆ. ‘ಅಮ್ಮ ತುಂಬಾ ನಗುತ್ತಿದ್ದಳು’ ಎಂಬ ವಾಕ್ಯವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಅದು ಸಂದರ್ಭೋಚಿತವಲ್ಲವೆಂಬುದು ಒಂದು ಕಾರಣ. ಸತ್ಯವೂ ಅಲ್ಲವೆಂಬುದು ಇನ್ನೊಂದು. ನಲವತ್ತನಾಲ್ಕು ವರ್ಷ ಅವಳೊಡನೆ ಒಂದೇ ಸೂರಿನಡಿ ಬಾಳಿದವನು ನಾನು, ಅಂಥ ನಗೆಯನ್ನು ಕೇಳಿರಲಿಲ್ಲ. ‘ಅಮ್ಮನ ನಗೂನೂ ತಪ್ಪು ಅಂತ ಹೊಡೆದ್ಹಾಕಿದ್ರಾ ಅಪ್ಪಾ? ಇನ್ನು ಈ ಮನೆಗೆ ಕಾಲಿಡಲ್ಲ’ ಎಂದು ನೀನು ಅದೇ ಸಂಜೆಯ ಬಸ್ಸು ಹಿಡಿದೆ. ಕೋಪದ ಭರದಲ್ಲಿ ನಿನಗಾಗಿಯೇ ಇದ್ದುದನ್ನು ಬಿಟ್ಟುಹೋದೆ. ಕಡೆಯ ಎಂಟು ತಿಂಗಳು ಅವಳು ಈ ಕೋಣೆಯ ಬಾಗಿಲು ಮುಚ್ಚಿಕೊಂಡು ಯಾರೊಡನೆಯೋ ಮಾತನಾಡುತ್ತಿದ್ದಳು. ಸ್ತೋತ್ರ ಹೇಳಿಕೊಳ್ಳುತ್ತಿದ್ದಾಳೆಂದು ಭಾವಿಸಿ ನಾನು ಕೆಳಗೆ ನನ್ನ ವ್ಯಾಕರಣಗ್ರಂಥದ ಕರಡನ್ನು ತಿದ್ದುತ್ತಿದ್ದೆ. ನೀನು ಅವಳಿಗೆ ಧ್ವನಿ ದಾಖಲಿಸುವುದನ್ನು ಕಲಿಸಿದ್ದೆಯೆಂಬುದು ನಿನ್ನ ಕಾರ್ಡು ಬಂದ ಮೇಲೆಯೇ ನನಗೆ ತಿಳಿದದ್ದು.

ಈಗ ವರ್ತಮಾನಕ್ಕೆ ಬರುತ್ತೇನೆ. ಹದಿನಾಲ್ಕು ವರ್ಷದ ಆ ಯಂತ್ರ ಇತ್ತೀಚೆಗೆ, ಗುಂಡಿ ಒತ್ತಿ ನಾನು ಪ್ರಾರ್ಥನೆ ಮುಗಿಸಿ ಬಂದರೂ, ಪರದೆಯ ಮೇಲೆ ಚಕ್ರವನ್ನೇ ತಿರುಗಿಸುತ್ತಿರುತ್ತಿತ್ತು. ಬಾಡಿಗೆ ಗಾಡಿಯಲ್ಲಿ ಅದನ್ನು ಹೇರಿಕೊಂಡು ಬಸ್ ಡಿಪೋದ ಹಿಂದಿನ ಓಣಿಗೆ ಹೋದೆ. ಬೀಗದ ಕೈ ಮಾಡುವವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಕಂಪ್ಯೂಟರ್ ದುರಸ್ತಿಯ ಮಳಿಗೆಯೊಂದಿದೆ. ಅಲ್ಲಿಯ ದುರಸ್ತಿಯಾಕೆ ಐವತ್ತು ದಾಟಿದವಳು. ಕನ್ನಡಕವನ್ನು ನೆತ್ತಿಗೇರಿಸಿಕೊಂಡು, ಬಿಚ್ಚಿದ ಸ್ಕ್ರೂಗಳನ್ನು ಒಂದು ಅಯಸ್ಕಾಂತದ ತುಂಡಿಗೆ ಸಾಲಾಗಿ ಅಂಟಿಸುತ್ತಾಳೆ, ಒಂದೂ ಉರುಳಿಹೋಗಗೊಡುವುದಿಲ್ಲ. ಪೆಟ್ಟಿಗೆಯ ಪಕ್ಕೆ ಬಿಚ್ಚಿ ಬ್ರಷ್ಷಿನಿಂದ ಧೂಳು ಗುಡಿಸುತ್ತ, ‘ಮೇಷ್ಟ್ರೇ, ಇದು ಕಂಪ್ಯೂಟರಾ, ಹಕ್ಕಿಗೂಡಾ?’ ಎಂದಳು. ಹಾರ್ಡ್ ಡಿಸ್ಕಿಗೆ ನನ್ನ ಕಿವಿಯನ್ನು ಹತ್ತಿರ ತರಿಸಿ, ‘ಟಿಕ್ ಟಿಕ್ ಅಂತಿದೆ, ಕೇಳಿಸ್ತಾ? ಒಳಗಿನ ತಟ್ಟೆ ಸುತ್ತಿ ಸುತ್ತಿ ಸೋತಿದೆ. ಹೊಸದು ಅಂಗೈಯಷ್ಟಿರುತ್ತೆ, ಸುತ್ತೋದೂ ಇಲ್ಲ, ಸದ್ದೂ ಇಲ್ಲ. ಇದ್ದದ್ದು ಇದ್ದ ಹಾಗೇ ಅದಕ್ಕೆ ಇಳಿಸಿಕೊಡ್ತೀನಿ’ ಎಂದು ವಿವರಿಸಿದಳು. ಮಗಳು ಕೇಳಿದ ಕಡತವೊಂದಿದೆ, ಅದನ್ನು ವಿಶೇಷವಾಗಿ ನೋಡಬೇಕು ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಆ ಕ್ಷಣದಲ್ಲಿ ನನ್ನ ಮನಸ್ಸು ನಿರ್ಮಲವಾಗಿತ್ತು. ಇದನ್ನು ನೀನು ನಂಬಬೇಕು.

ಕಡತದ ಹೆಸರು ‘ಗುಬ್ಬಿಗೆ’. ಅವಳೊಬ್ಬಳೇ ನಿನ್ನನ್ನು ಕರೆಯುತ್ತಿದ್ದ ಹೆಸರು. ಚತುರ್ಥೀ ವಿಭಕ್ತಿ, ಕೊಡುವಲ್ಲಿ ಬರತಕ್ಕದ್ದು. ಒಳಗೆ ಮೂವತ್ತೊಂದು ಧ್ವನಿಗಳು. ಸರಿಯಾಗಿವೆಯೇ ನೋಡೋಣವೆಂದು ಆಕೆ ಒಂದನ್ನು ಒತ್ತಿಬಿಟ್ಟಳು. ಅಂಗಡಿಯ ತುಂಬ ನಿನ್ನ ತಾಯಿ. ‘ನಿಮ್ಮಪ್ಪನಿಗೆ ಏಳು ವಿಭಕ್ತಿನೂ ಬಾಯಿಪಾಠ ಕಣೇ ಗುಬ್ಬಿ, ಸಂಬೋಧನೆ ಒಂದು ಬರಲ್ಲ. ಮದುವೆ ಆದಾಗಿನಿಂದ ನನ್ನ ಹೆಸರು ಹಿಡಿದು ಒಂದ್ಸಲ ಕರೆದಿದ್ರೆ ಕೇಳು! ನನ್ನನ್ನ ಕರೆಯೋದು ಹೇಗೆ ಗೊತ್ತಾ? ಕೆಮ್ತಾರೆ!’ ಎಂದು ನನ್ನಂತೆಯೇ ಕೆಮ್ಮಿ ತೋರಿಸಿ ನಕ್ಕಳು. ಎಂಥ ನಗೆ! ಬಿಂದಿಗೆಯಿಂದ ನೀರು ಸುರಿದಂತೆ. ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಸರದಿಗೆ ಕಾಯುತ್ತಿದ್ದವನೊಬ್ಬ, ‘ಅಯ್ಯೋ, ನಮ್ಮನೇಲೂ ಇದೇ ಕಥೆ’ ಎಂದು ಗಹಗಹಿಸಿದ. ದುರಸ್ತಿಯಾಕೆ ತುಟಿ ಕಚ್ಚಿಕೊಂಡಳು. ನನಗೆ ಆ ಹೊತ್ತಿನಲ್ಲೇ ಕೆಮ್ಮು ಬಂದು, ಕೆಮ್ಮಲಾರದೆ, ಕೊಡೆಯನ್ನು ಅಲ್ಲಿಯೇ ಮರೆತು ಮನೆಗೆ ಬಂದೆ.

ಎರಡನೆಯ ದಿನ ಆಕೆ ಫೋನ್ ಮಾಡಿದಳು. ‘ಮೇಷ್ಟ್ರೇ, ನಿಮ್ಮ ಪುಸ್ತಕ ಇಳೀತಾ ಇದೆ. ಆದ್ರೆ ಆ ಗುಬ್ಬಿ ಫೋಲ್ಡರ್ ಹತ್ರ ಬಂದಾಗೆಲ್ಲ ನಿಂತುಬಿಡುತ್ತೆ. ತೆಗೀಲಾ, ಬಿಡ್ಲಾ?’ ನಾನು ‘ತೆಗೆಯಿರಿ’ ಎಂದೆ. ಮಗಳೇ, ನಮ್ಮ ನುಡಿಯಲ್ಲಿ ಇಷ್ಟು ಎರಡು ನಾಲಗೆಯ ಧಾತು ಇನ್ನೊಂದಿಲ್ಲ. ಬಾಗಿಲು ತೆಗೆಯುವುದೂ ಜೀವ ತೆಗೆಯುವುದೂ ಒಂದೇ ಧಾತು. ಪೆಟ್ಟಿಗೆಯೊಳಗಿನ ಒಡವೆಯನ್ನೂ ತೆಗೆಯುತ್ತೇವೆ, ಕಾಲಿನ ಮುಳ್ಳನ್ನೂ ತೆಗೆಯುತ್ತೇವೆ. ತಪ್ಪು ತೆಗೆಯುವುದೆಂಬುದೂ ಉಂಟು. ನನ್ನ ಜೀವಮಾನದ ಕಸುಬೇ ಅದು. ಹೊರತೆಗೆದು ಉಳಿಸಿರಿ ಎಂಬ ಅರ್ಥದಲ್ಲಿ ನಾನು ಅಂದದ್ದನ್ನು ಆಕೆ ನಕಲಾಗಬೇಕಾದವುಗಳ ಪಟ್ಟಿಯಿಂದ ತೆಗೆದುಹಾಕಿ ಎಂದು ಗ್ರಹಿಸಿದಳು. ಹೋಗಿ ನೋಡುವಾಗ ನನ್ನ ಗ್ರಂಥದ ಸಾವಿರದ ನೂರು ಪುಟಗಳು ಒಂದು ಅಕ್ಷರವೂ ಲೋಪವಾಗದೆ ಹೊಸದರಲ್ಲಿ ಕುಳಿತಿದ್ದವು, ‘ಗುಬ್ಬಿಗೆ’ ಇರಲಿಲ್ಲ. ‘ನೀವೇ ತೆಗೀರಿ ಅಂದ್ರಲ್ಲ’ ಎಂದಳು. ಹಳೆಯ ಡಿಸ್ಕು ತಿರುಗುವುದನ್ನು ನಿಲ್ಲಿಸಿತು. ನೀನು ಕೇಳಿದ್ದನ್ನು ಕಳಿಸಲು ಇನ್ನು ಯಾವ ದಾರಿಯೂ ಇಲ್ಲ. ಇದು ಒಂದು ಪದದ ಅನರ್ಥ. ಯಾರ ಅಪರಾಧವೂ ಅಲ್ಲ. ವಿಧಿಯೆಂದು ತಿಳಿದು ಸಮಾಧಾನ ತಂದುಕೊ.

ಯಂತ್ರ ಈಗ ನಾನು ಕುರ್ಚಿಯಲ್ಲಿ ಕೂರುವುದರೊಳಗೆ ಸಿದ್ಧವಾಗಿರುತ್ತದೆ. ಒಳಗೆ ಒಂದಿಷ್ಟೂ ಸದ್ದಿಲ್ಲ. ಕಣ್ಣಿನ ಬಗ್ಗೆ ಎಚ್ಚರದಿಂದಿರು. ದೇವರು ನಿನ್ನನ್ನು ಕಾಪಾಡಲಿ.

ಇಂತು,
ನಿನ್ನ ತಂದೆ

ತಾ.ಕ.: ಅಂಚೆಯವನು ಡಬ್ಬಿ ಬಿಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲಿನದನ್ನು ತಿರುಗಿ ಓದಿದೆ. ವ್ಯಾಕರಣದೋಷವಿಲ್ಲ, ಸುಳ್ಳಿದೆ. ಆಕೆ ಫೋನಿನಲ್ಲಿ ಕೇಳಿದ್ದರಲ್ಲಿ ಒಂದು ವಾಕ್ಯವನ್ನು ನಾನು ಹೊಡೆದುಹಾಕಿದ್ದೇನೆ: ‘ತೆಗೆದ್ರೆ ಮತ್ತೆ ಸಿಗೋದು ಕಷ್ಟ ಮೇಷ್ಟ್ರೇ, ಮಗಳದ್ದು ಅಂದ್ರಲ್ಲ, ಯೋಚನೆ ಮಾಡಿ ಹೇಳಿ.’ ನಲವತ್ತು ವರ್ಷ ಧಾತುಪಾಠ ಹೇಳಿದವನಿಗೆ ಅರ್ಥವಾಗದೆ ಹೋಗುತ್ತದೆಯೇ? ಆಕೆ ಯಾವ ಅರ್ಥದಲ್ಲಿ ಕೇಳಿದಳೋ ಅದೇ ಅರ್ಥದಲ್ಲಿ ತೆಗೆಯಿರಿ ಎಂದೆ. ಆ ನಗೆ ನಿನಗೆ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ, ಅದಕ್ಕಾಗಿ.

ಹಳೆಯ ಡಿಸ್ಕೂ ನಾನು ಹೋದಾಗ ಇನ್ನೂ ಸತ್ತಿರಲಿಲ್ಲ. ‘ಇನ್ನೊಂದ್ಸಲ ತಿರುಗಬಹುದು. ಅರ್ಧ ಗಂಟೆ ಕೊಡಿ, ನಕಲು ತೆಗೆದೇ ಬಿಡ್ತೀನಿ’ ಎಂದು ಆ ಪುಣ್ಯಾತ್ಗಿತ್ತಿ ತಾನಾಗಿ ಹೇಳಿದಳು. ನಕಲು ಬೇಡ, ನಾನೊಬ್ಬನೇ ಕೇಳುತ್ತೇನೆ ಎಂದೆ. ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಮೂವತ್ತನ್ನೂ ಕೇಳಿದೆ. ಹತ್ತೊಂಬತ್ತರಲ್ಲಿ ನಗುತ್ತಾಳೆ. ಮೂವತ್ತೊಂದನೆಯದು ನಿನಗಲ್ಲ. ‘ರೀ, ನೀವು ಕದ್ದು ಕೇಳೇ ಕೇಳ್ತೀರಿ ಅಂತ ನನಗೆ ಗೊತ್ತು. ನಿಮಗೂ ಒಂದು ಮಾತು ಹೇಳ್ಬೇಕು’ ಎಂದಳು. ಅಷ್ಟಕ್ಕೆ ಡಿಸ್ಕು ಕಟಕಟ ಎಂದು ನಿಂತುಹೋಯಿತು. ದುರಸ್ತಿಯಾಕೆ ಏನೆಲ್ಲ ಮಾಡಿದರೂ ಮತ್ತೆ ತಿರುಗಲಿಲ್ಲ. ‘ಮೊದಲೇ ನಕಲು ತೆಗೆದಿದ್ರೆ ಇದೂ ಉಳೀತಿತ್ತು’ ಎಂದವಳು, ನನ್ನ ಕೊಡೆಯನ್ನು ಕೈಗೆ ಕೊಡುವಾಗಲೂ ಮುಖ ನೋಡಲಿಲ್ಲ.

ಈಗ ಆ ಮೂವತ್ತು ನನ್ನ ತಲೆಯಲ್ಲಿ ಮಾತ್ರ ಇವೆ. ಅವನ್ನು ಕಾಗದದ ಮೇಲೆ ಬರೆಯುವುದಿಲ್ಲ, ಫೋನಿನಲ್ಲಿ ಹೇಳುವುದಿಲ್ಲ. ಹೊಸ್ತಿಲು ದಾಟಿ ಬಂದು ನನ್ನೆದುರು ಕುಳಿತರೆ ಒಂದೊಂದಾಗಿ ಒಪ್ಪಿಸುತ್ತೇನೆ. ದೋಷವಿದ್ದಲ್ಲಿ ತಿದ್ದಿಯೇ ಹೇಳುತ್ತೇನೆ. ನಗೆಯನ್ನು ಹೇಳಲು ನನಗೆ ಬರುವುದಿಲ್ಲ. ಪ್ರತಿಯಾಗಿ ನೀನು ತರಬೇಕಾದದ್ದು ಒಂದೇ: ‘ನಿಮಗೂ ಒಂದು ಮಾತು ಹೇಳ್ಬೇಕು’ ಎಂದ ಮೇಲೆ ಅವಳು ಏನು ಹೇಳುತ್ತಿದ್ದಳು ಎಂಬುದು. ಅವಳನ್ನು ಬಲ್ಲವಳು ನೀನೊಬ್ಬಳೇ. ಅದನ್ನು ಕೊಟ್ಟರೆ ಇವು ನಿನ್ನವು. ತಡಮಾಡಬೇಡ. ಮೊನ್ನೆ ಮೂವತ್ತಿದ್ದವು, ಇಂದು ಪ್ರಾರ್ಥನೆಯ ಬಳಿಕ ಎಣಿಸಿ ನೋಡಿದರೆ ಇಪ್ಪತ್ತೆಂಟು.

ನಿನಗೂ, ನನ್ನ ಮುಖ ನೋಡದ ಆ ದುರಸ್ತಿಯಾಕೆಗೂ, ಪ್ರಿಂಟರ್ ಹೊತ್ತು ನಕ್ಕವನಿಗೂ, ಅರ್ಧಕ್ಕೆ ನಿಂತ ಮಾತಿನ ಒಡತಿಗೂ, ಅವಳನ್ನು ಹೆಸರು ಹಿಡಿದು ಕರೆಯದವನಿಗೂ ಭಗವಂತನು ಒಳ್ಳೆಯದನ್ನೇ ಮಾಡಲಿ.